ಬೆಥೆಸ್ಡಾದಲ್ಲಿ ಮಂಗನ ಕಾಯಿಲೆಯ ಕಡತ

ಮಂಗನ ಕಾಯಿಲೆಯ ಬಗ್ಗೆ 1957ರಿಂದ ಈಚೆಗೆ ಬಂದ ವೈದ್ಯಕೀಯ ಬರಹಗಳನ್ನೆಲ್ಲ ಒಂದು ಕಡೆ ಕೂಡಿಸೋಣವೆಂದು ಹೊರಟಾಗ, ಕಾಡಿಗಿಂತ ಮೊದಲು ಕಡತವೇ ಸವಾಲು ಹಾಕಿತು. ನವೆಂಬರಿನಲ್ಲಿ ಪಬ್‌ಮೆಡ್‌ನಲ್ಲಿ ಬರೆದು ಉಳಿಸಿಟ್ಟಿದ್ದ ಹುಡುಕು ಸೂತ್ರವನ್ನು ಜನವರಿಯಲ್ಲಿ ಒಂದಕ್ಷರ ಬದಲಿಸದೆ ಮತ್ತೆ ಓಡಿಸಿದೆ. ಮೇಲುಗಡೆ ಹೊಸ ಲೇಖನಗಳು ಸೇರಿಕೊಂಡಿದ್ದರೆ ಅದು ಸಹಜ. ಆದರೆ ಪಟ್ಟಿಯ ತಳದಲ್ಲಿ, ಅರವತ್ತು ಎಪ್ಪತ್ತರ ದಶಕದ ಲೇಖನಗಳ ಸಾಲಿನಲ್ಲೂ ಅದಲುಬದಲಾಗಿತ್ತು. ಐವತ್ತು ವರ್ಷದ ಹಿಂದೆ ಅಚ್ಚಾದ ಲೇಖನ ಒಂದು ಚಳಿಗಾಲದಲ್ಲಿ ಬದಲಾಗುವುದು ಸಾಧ್ಯವಿಲ್ಲ. ಹಾಗಾದರೆ ಅದರ ದಾಖಲೆಗೆ ಕೈ ಹಾಕಿದವರು ಯಾರು?

ಪಬ್‌ಮೆಡ್ ಎಂಬುದು ಅಮೆರಿಕದ ಮೇರಿಲ್ಯಾಂಡ್ ರಾಜ್ಯದ ಬೆಥೆಸ್ಡಾದಲ್ಲಿರುವ ನ್ಯಾಷನಲ್ ಲೈಬ್ರರಿ ಆಫ್ ಮೆಡಿಸಿನ್ ನಡೆಸುವ ಹುಡುಕು ತಾಣ. 1997ರ ಜೂನ್‌ನಲ್ಲಿ ಅದನ್ನು ಎಲ್ಲರಿಗೂ ಉಚಿತವಾಗಿ ತೆರೆದರು. ಅದರ ಹೊಟ್ಟೆಯೊಳಗಿನ ಮುಖ್ಯ ಭಾಗ ಮೆಡ್‌ಲೈನ್, ಅಂದರೆ ಆಯ್ದ ನಿಯತಕಾಲಿಕೆಗಳ ಲೇಖನಗಳಿಗೆ ವಿಷಯ ಶೀರ್ಷಿಕೆ ಹಚ್ಚಿಟ್ಟ ಭಂಡಾರ. ಆ ಶೀರ್ಷಿಕೆಗಳ ಅಧಿಕೃತ ಪಟ್ಟಿಗೆ ಮೆಶ್ ಎಂದು ಹೆಸರು. 1960ರಲ್ಲಿ ಮೊದಲು ಪ್ರಕಟವಾದಾಗ ಅದರಲ್ಲಿ ಸುಮಾರು 4,400 ಶೀರ್ಷಿಕೆಗಳಿದ್ದವು. ಈಗ 30,000 ದಾಟಿದೆ. ಲೇಖಕ ತನ್ನ ಕಾಯಿಲೆಯನ್ನು ಯಾವ ಹೆಸರಿನಲ್ಲಾದರೂ ಕರೆದಿರಲಿ, ಒಂದೇ ವಿಷಯದ ಲೇಖನಗಳು ಒಂದೇ ಶೀರ್ಷಿಕೆಯಡಿ ಸಿಗಬೇಕು ಅನ್ನುವುದು ಇದರ ಉದ್ದೇಶ.

ಪತ್ತೇದಾರಿಕೆ ಶುರುವಾಗಬೇಕಾದದ್ದು ‘ಅಡ್ವಾನ್ಸ್‌ಡ್’ ಪುಟದಿಂದ. ಅಲ್ಲಿ ನಮ್ಮ ಹಿಂದಿನ ಹುಡುಕಾಟಗಳ ಪಟ್ಟಿ ಇರುತ್ತದೆ, ಪ್ರತಿಯೊಂದಕ್ಕೂ ಒಂದು ಪುಟ್ಟ ಬಾಣದ ಗುರುತು. ಒತ್ತಿದರೆ, ನಾವು ಬರೆದ ಮೂರು ಪದವನ್ನು ಯಂತ್ರ ಏನೆಂದು ಓದಿಕೊಂಡಿತು ಎಂಬುದು ಬಿಚ್ಚಿಕೊಳ್ಳುತ್ತದೆ. ಮಂಗನ ಕಾಯಿಲೆಯ ಇಂಗ್ಲಿಷ್ ಹೆಸರಾದ ‘ಕ್ಯಾಸನೂರು ಫಾರೆಸ್ಟ್ ಡಿಸೀಸ್’ (ಕೆಎಫ್‌ಡಿ) ಎಂದು ಬರೆದರೆ ಅದು ಆ ಮೂರು ಪದಗಳಷ್ಟೇ ಆಗಿ ಉಳಿಯುವುದಿಲ್ಲ. ಮೆಶ್ ಪಟ್ಟಿಯಲ್ಲಿ ಆ ಹೆಸರಿನ ಶೀರ್ಷಿಕೆ ಇರುವುದರಿಂದ ಯಂತ್ರ ಅದನ್ನೂ ಜೊತೆಗೆ ಸೇರಿಸಿ ಹುಡುಕುತ್ತದೆ. ನಾನು ಅದರ ಜೊತೆಗೆ ವೈರಸ್ಸಿನ ಶೀರ್ಷಿಕೆಯನ್ನೂ ಮೇಲಿನ ದೊಡ್ಡ ಗುಂಪಿನ ಶೀರ್ಷಿಕೆಗಳನ್ನೂ ಕಟ್ಟಿದ್ದೆ. ತೊಡಕು ಇದ್ದದ್ದು ಅಲ್ಲೇ.

ಹಾಗೆ ಕಟ್ಟದೆ ಬೇರೆ ದಾರಿಯೂ ಇಲ್ಲ. ಕಾಯಿಲೆಗೆ ಮೆಶ್‌ನಲ್ಲಿ ಸ್ವಂತ ಶೀರ್ಷಿಕೆ ಇದೆ, ವೈರಸ್ಸಿಗೆ ಇಲ್ಲ. ಕ್ಯಾಸನೂರು ವೈರಸ್, ‘ಉಣುಗಿನಿಂದ ಹರಡುವ ಎನ್ಸೆಫಲೈಟಿಸ್ ವೈರಸ್‌ಗಳು’ ಎಂಬ ದೊಡ್ಡ ಶೀರ್ಷಿಕೆಯಡಿ ರಷ್ಯಾದ ಓಮ್ಸ್ಕ್ ಜ್ವರದ ವೈರಸ್, ಸ್ಕಾಟ್ಲೆಂಡಿನ ಕುರಿಗಳಿಗೆ ಬರುವ ಲೂಪಿಂಗ್ ಇಲ್ ವೈರಸ್ ಇವುಗಳ ಜೊತೆ ಬದುಕುತ್ತಿದೆ. ಸೊರಬದ ಉಣುಗಿನ ಮೈಯಲ್ಲಿ ವೈರಸ್ ಸಿಕ್ಕಿತು ಎಂದು ಹೇಳುವ, ರೋಗಿಯ ಮಾತೇ ಎತ್ತದ ಲೇಖನ ಕಾಯಿಲೆಯ ಶೀರ್ಷಿಕೆಗೆ ಸಿಗದೆ ಈ ಗುಂಪಿನಲ್ಲಿ ಸಿಗಬಹುದು. ಈ ಸಹವಾಸಕ್ಕೆ ಕಾರಣವೂ ಉಂಟು. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನ ಆಸುಪಾಸು ಮಂಗಗಳು ಸತ್ತು ಬಿದ್ದು, ಹಳ್ಳಿಯವರು ಜ್ವರದಿಂದ ಮಲಗಿದಾಗ, ಆಫ್ರಿಕದ ಹಳದಿ ಜ್ವರ ಭಾರತಕ್ಕೆ ಬಂತೇ ಎಂಬ ಭಯ ಮೊದಲು ಹುಟ್ಟಿತ್ತು. ಪುಣೆಯ ವೈರಸ್ ರಿಸರ್ಚ್ ಸೆಂಟರಿನ ಟೆಲ್ಫೋರ್ಡ್ ವರ್ಕ್, ಹೆರಾಲ್ಡ್ ಟ್ರಾಪಿಡೊ ಮತ್ತು ಅವರ ಜೊತೆಗಾರರು ವೈರಸ್ಸನ್ನು ಬೇರ್ಪಡಿಸಿ ನೋಡಿದರೆ ಅದು ರಷ್ಯಾದ ವಸಂತ ಬೇಸಗೆಯ ಎನ್ಸೆಫಲೈಟಿಸ್ ವೈರಸ್ಸಿನ ಹತ್ತಿರದ ನಂಟ. ವರ್ಕ್ 1958ರಲ್ಲಿ ಬರೆದ ವಿಮರ್ಶಾ ಲೇಖನದ ತಲೆಬರಹದಲ್ಲೇ ‘ಭಾರತದಲ್ಲಿ ರಷ್ಯನ್ ವೈರಸ್’ ಎಂಬರ್ಥದ ಮಾತು ಮೊದಲು ಬರುತ್ತದೆ, ಕ್ಯಾಸನೂರಿನ ಹೆಸರು ಆಮೇಲೆ. ಹೀಗೆ ಹುಟ್ಟುವಾಗಲೇ ನಮ್ಮ ಕಾಯಿಲೆ ಎರಡು ಹೆಸರಿನಡಿ ದಾಖಲಾಗಿತ್ತು.

ಮುಂದೆ ಬೇಕಾದದ್ದು ದಾಖಲೆಯ ಒಳಗು. ಪಬ್‌ಮೆಡ್‌ನಲ್ಲಿ ಯಾವ ಲೇಖನವನ್ನಾದರೂ ತೆರೆದು ‘ಡಿಸ್‌ಪ್ಲೇ ಆಪ್ಷನ್ಸ್’ನಲ್ಲಿ ರೂಪವನ್ನು ‘ಪಬ್‌ಮೆಡ್’ ಎಂದು ಬದಲಿಸಿದರೆ, ಅಲಂಕಾರವೆಲ್ಲ ಕಳಚಿ ಬರಿಯ ಸಾಲುಗಳು ಕಾಣುತ್ತವೆ. ಪ್ರತಿ ಸಾಲಿನ ಆರಂಭದಲ್ಲಿ ಎರಡರಿಂದ ನಾಲ್ಕು ಅಕ್ಷರಗಳ ಒಂದು ಸಂಕೇತ. 1958ರ ಪಿಡುಗಿನ ಬಗ್ಗೆ ವರ್ಕ್, ರೋಡ್ರಿಗಸ್, ಭಟ್ ಮೂವರು 1959ರಲ್ಲಿ ‘ಅಮೆರಿಕನ್ ಜರ್ನಲ್ ಆಫ್ ಪಬ್ಲಿಕ್ ಹೆಲ್ತ್’ನಲ್ಲಿ ಬರೆದ ಲೇಖನವನ್ನು ಹೀಗೆ ತೆರೆದೆ. ಲೇಖಕರ ಹೆಸರೆಲ್ಲ ಕ್ಯಾಪಿಟಲ್ ಅಕ್ಷರದಲ್ಲಿ, ಮೊದಲ ಹೆಸರಿನ ಜಾಗದಲ್ಲಿ ಬರಿಯ ಇನಿಷಿಯಲ್. ಸಾರಾಂಶ ಇಲ್ಲ. ಇದರ ಜೊತೆಗೆ ‘ಎಲ್‌ಆರ್’ ಎಂಬ ಸಂಕೇತದ ಒಂದು ಸಾಲು. ಲಾಸ್ಟ್ ರಿವೈಸ್ಡ್, ಅಂದರೆ ಈ ದಾಖಲೆಯನ್ನು ಕೊನೆಯ ಬಾರಿ ತಿದ್ದಿದ ದಿನ. 1959ರ ಲೇಖನದ ಮುಂದೆ ಈ ಶತಮಾನದ ತಾರೀಖು ಇತ್ತು. ಪ್ರಶ್ನೆಗೆ ಅರ್ಧ ಉತ್ತರ ಅಲ್ಲೇ ಸಿಕ್ಕಿತು: ತಿದ್ದಿದ್ದಾರೆ, ತಿದ್ದಿದ್ದನ್ನು ಬರೆದೂ ಇಟ್ಟಿದ್ದಾರೆ.

ಉಳಿದರ್ಧ ಲೈಬ್ರರಿಯೇ ಹೊರಡಿಸುವ ತಾಂತ್ರಿಕ ಬುಲೆಟಿನ್‌ನಲ್ಲಿತ್ತು. ಮೆಶ್ ಪಟ್ಟಿಯನ್ನು ವರ್ಷಕ್ಕೊಮ್ಮೆ ಪರಿಷ್ಕರಿಸುತ್ತಾರೆ. ಹೊಸ ಶೀರ್ಷಿಕೆಗಳು ಸೇರುತ್ತವೆ, ಕೆಲವು ಹೆಸರು ಬದಲಿಸಿಕೊಳ್ಳುತ್ತವೆ, ಕೆಲವನ್ನು ತೆಗೆದುಹಾಕುತ್ತಾರೆ, ಕೆಲವು ಒಂದು ಕೊಂಬೆಯಿಂದ ಇನ್ನೊಂದಕ್ಕೆ ಹಾರುತ್ತವೆ. ವರ್ಷದ ಕೊನೆಗೆ ‘ಇಯರ್ ಎಂಡ್ ಪ್ರೊಸೆಸಿಂಗ್’ ಎಂದು ಕರೆಯುವ ಕೆಲಸದಲ್ಲಿ ಈ ಬದಲಾವಣೆಯನ್ನು ಇಡೀ ಮೆಡ್‌ಲೈನಿಗೆ ಹಾಯಿಸುತ್ತಾರೆ. ಒಂದು ಶೀರ್ಷಿಕೆಯ ಹೆಸರು ಬದಲಾದರೆ, ಆ ಶೀರ್ಷಿಕೆ ಹೊತ್ತ ಹಳೆಯ ದಾಖಲೆಗಳಲ್ಲೆಲ್ಲ ಹೊಸ ಹೆಸರು ಬರೆಯಲಾಗುತ್ತದೆ. ಲೇಖನದ ಪಠ್ಯವನ್ನು ಯಾರೂ ಮುಟ್ಟುವುದಿಲ್ಲ. ಜಮೀನು ಅಲ್ಲೇ ಇದೆ, ಪಹಣಿಯಲ್ಲಿ ಹೆಸರು ಬದಲಾಗಿದೆ, ಅಷ್ಟೆ. ಅನೇಕ ವರ್ಷಗಳ ಕಾಲ ನವೆಂಬರ್ ನಡುವಿನಿಂದ ಡಿಸೆಂಬರ್ ನಡುವಿನವರೆಗೆ, ಈ ಕೆಲಸ ಮುಗಿಯುವ ತನಕ, ಶೀರ್ಷಿಕೆ ಹಚ್ಚಿದ ಹೊಸ ದಾಖಲೆಗಳನ್ನು ಸೇರಿಸುವುದನ್ನೇ ನಿಲ್ಲಿಸುವ ವಾಡಿಕೆ ಇತ್ತು. ನನ್ನ ನವೆಂಬರ್ ಸೂತ್ರ, ಜನವರಿ ಪಟ್ಟಿ ಎರಡರ ನಡುವೆ ಬಿದ್ದಿದ್ದ ಕಂದಕ ಇದೇ.

ಕೊಂಬೆ ಹಾರುವುದರ ಪರಿಣಾಮ ಸಣ್ಣದಲ್ಲ. ಪಬ್‌ಮೆಡ್‌ನಲ್ಲಿ ಮೇಲಿನ ಶೀರ್ಷಿಕೆಯೊಂದನ್ನು ಕೇಳಿದರೆ ಅದರ ಕೆಳಗಿನ ಮಕ್ಕಳು ಮೊಮ್ಮಕ್ಕಳೆಲ್ಲ ತಾವಾಗಿಯೇ ಸೇರಿ ಬರುತ್ತವೆ. ಒಂದು ಕಾಯಿಲೆಯನ್ನು ಬೇರೆ ಕೊಂಬೆಗೆ ದಾಟಿಸಿದರೆ, ಹಳೆಯ ಮೇಲಿನ ಶೀರ್ಷಿಕೆಯನ್ನು ನಂಬಿ ಸೂತ್ರ ಬರೆದವರ ಪಟ್ಟಿಯಿಂದ ಸದ್ದಿಲ್ಲದೆ ಲೇಖನಗಳು ಜಾರುತ್ತವೆ. ಬ್ಯಾಕ್ಟೀರಿಯ, ವೈರಸ್, ಪರೋಪಜೀವಿ ಇವುಗಳ ರೋಗಗಳಿಗೆ ಮೂರು ಬೇರೆ ಬೇರೆ ಬೇರುಗಳಿದ್ದವು. ಈಚಿನ ವರ್ಷಗಳಲ್ಲಿ ಮೂರನ್ನೂ ‘ಸೋಂಕುಗಳು’ ಎಂಬ ಒಂದೇ ಬೇರಿಗೆ ತಂದು ಕೂಡಿಸಿದ್ದಾರೆ. ಶೀರ್ಷಿಕೆಯ ಹೆಸರು ಅದೇ ಇರುತ್ತದೆ, ಸಂಖ್ಯೆಯಲ್ಲಿ ಬರೆದ ವಿಳಾಸ ಮಾತ್ರ ಬೇರೆ.

ಇಲ್ಲೊಂದು ಅಸಮತೆ ಇದೆ, ನನಗೆ ಅತ್ಯಂತ ಮುಖ್ಯವಾಗಿ ಕಂಡದ್ದು ಅದೇ. ಹೆಸರು ಬದಲಾದರೆ ಹಳೆಯ ದಾಖಲೆಗಳನ್ನು ತಿದ್ದುತ್ತಾರೆ. ಹೊಸ ಪರಿಕಲ್ಪನೆಗೆ ಹೊಸ ಶೀರ್ಷಿಕೆ ಹುಟ್ಟಿದರೆ ಮಾತ್ರ ಸಾಮಾನ್ಯವಾಗಿ ಹಿಂದಕ್ಕೆ ಹೋಗುವುದಿಲ್ಲ. ಅದು ಹುಟ್ಟಿದ ವರ್ಷದಿಂದ ಮುಂದಿನ ಲೇಖನಗಳಿಗಷ್ಟೇ ಅನ್ವಯ. ಏಡ್ಸ್‌ನ ಶೀರ್ಷಿಕೆ 1983ರಲ್ಲಿ ಬಂತು. ಅದಕ್ಕೆ ಮೊದಲು, 1981–82ರಲ್ಲಿ, ಯುವಕರಲ್ಲಿ ಕಾಣಿಸಿಕೊಂಡ ವಿಚಿತ್ರ ನ್ಯುಮೋನಿಯದ ಬಗ್ಗೆ ಬರೆದ ಲೇಖನಗಳು ಬೇರೆ ಶೀರ್ಷಿಕೆಗಳಲ್ಲಿ ಹಂಚಿಹೋಗಿವೆ. ಕೋವಿಡ್‌ಗೂ ಆರಂಭದಲ್ಲಿ ಸ್ವಂತ ಶೀರ್ಷಿಕೆ ಇರಲಿಲ್ಲ. 2020ರ ಆರಂಭದ ಲೇಖನಗಳಿಗೆ ‘ಕೊರೊನಾವೈರಸ್ ಸೋಂಕು’, ‘ವೈರಲ್ ನ್ಯುಮೋನಿಯ’ ಎಂಬ ಹಳೆಯ ಶೀರ್ಷಿಕೆಗಳನ್ನೇ ಹಚ್ಚಿ, ಪಕ್ಕದಲ್ಲೊಂದು ಪೂರಕ ಹೆಸರು ಸೇರಿಸಿದ್ದರು. ಪೂರ್ಣ ಶೀರ್ಷಿಕೆ ಸಿಕ್ಕಿದ್ದು 2021ರ ಮೆಶ್‌ನಲ್ಲಿ. ಅನೇಕ ಮೆಶ್ ಶೀರ್ಷಿಕೆಗಳ ಪುಟದಲ್ಲಿ ಅದು ಸೇರಿದ ವರ್ಷ, ಅದಕ್ಕೂ ಮೊದಲು ಆ ವಿಷಯವನ್ನು ಯಾವುದರಡಿ ಇಡುತ್ತಿದ್ದರು ಎಂಬ ಟಿಪ್ಪಣಿ ಇರುತ್ತವೆ. ಅದನ್ನು ಓದದೆ ಹುಡುಕಿದರೆ ರೋಗ ಶೀರ್ಷಿಕೆಯ ಜೊತೆಗೇ ಹುಟ್ಟಿದಂತೆ ತೋರುತ್ತದೆ. ನಿಯಮಕ್ಕೆ ಅಪವಾದವೂ ಇಲ್ಲದಿಲ್ಲ. ‘ಸಿಸ್ಟಮ್ಯಾಟಿಕ್ ರಿವ್ಯೂ’ ಎಂಬ ಪ್ರಕಟಣಾ ವರ್ಗ 2019ರಲ್ಲಿ ಬಂದಾಗ ಅದನ್ನು ಹಳೆಯ ಲೇಖನಗಳಿಗೂ ಹಚ್ಚಿದರು. ಲಕ್ಷಾಂತರ ಹಳೆಯ ಲೇಖನಗಳನ್ನು ಪ್ರತಿ ವರ್ಷ ಮತ್ತೆ ಓದಿ ಹೊಸ ಶೀರ್ಷಿಕೆ ಹಚ್ಚಿ ಎಂದು ಕೇಳುವುದು ಅನ್ಯಾಯ, ಒಪ್ಪುತ್ತೇನೆ. ಆದರೆ ಆ ಹೊರೆ ಹುಡುಕುವವರ ತಲೆಗೆ ಬಂದಿದೆ ಎಂಬುದನ್ನು ಬಹಳ ಜನ ಅರಿತಿಲ್ಲ.

ಹೋಲಿಸಿ ನೋಡಲು ಒಂದು ವೈದ್ಯಕೀಯ ಕಾಲೇಜಿನ ಗ್ರಂಥಾಲಯದಲ್ಲಿ ಮುದ್ರಿತ ‘ಇಂಡೆಕ್ಸ್ ಮೆಡಿಕಸ್’ ತೆಗೆಸಿದೆ. ಜಾನ್ ಶಾ ಬಿಲ್ಲಿಂಗ್ಸ್ 1879ರಲ್ಲಿ ಶುರು ಮಾಡಿದ, ನಡುವೆ ನಿಂತು ಮತ್ತೆ ಎದ್ದ, 2004ರ ಡಿಸೆಂಬರ್ ಸಂಚಿಕೆಯೊಂದಿಗೆ ಮುದ್ರಣ ಮುಗಿಸಿದ ಸೂಚಿ ಅದು. ಎರಡು ಕೈಯಲ್ಲಿ ಎತ್ತಬೇಕಾದ ದಪ್ಪ ರಟ್ಟಿನ ಸಂಪುಟ, ಒಳಗೆ ಕಣ್ಣು ಕಿರಿದಾಗಿಸಿ ಓದಬೇಕಾದ ಸಣ್ಣಕ್ಷರ. ಅದರಲ್ಲಿ 1968ರ ಶೀರ್ಷಿಕೆ ಇಂದಿಗೂ 1968ರ ಶೀರ್ಷಿಕೆಯೇ. ಪರದೆಯ ಮೇಲಿನ ದಾಖಲೆಗೆ ಆ ಸ್ಥಿರತೆ ಇಲ್ಲ. ಅಲ್ಲಿ ಕಾಣುವುದು 1968ರ ಲೇಖನಕ್ಕೆ ಇಂದಿನ ಪಟ್ಟಿ ಕೊಟ್ಟ ಹೆಸರು. 1966ಕ್ಕಿಂತ ಮೊದಲಿನ ದಾಖಲೆಗಳು ಮಾತ್ರ ಎರಡನ್ನೂ ಸ್ವಲ್ಪ ಉಳಿಸಿಕೊಂಡಿವೆ. ಹಳೆಯ ಮುದ್ರಿತ ಸೂಚಿಗಳಿಂದ ಆಮೇಲೆ ತುಂಬಿಸಿದ ‘ಓಲ್ಡ್ ಮೆಡ್‌ಲೈನ್’ ಭಾಗ ಅದು. ಅಂದಿನ ಶೀರ್ಷಿಕೆಗಳನ್ನು ‘ಇತರ ಪದ’ ಎಂಬ ಸಾಲಿನಲ್ಲಿ ಹಾಗೆಯೇ ಬಿಟ್ಟು, ಹೊಂದುವಂಥವನ್ನು ಇಂದಿನ ಮೆಶ್‌ಗೆ ಜೋಡಿಸಿದ್ದಾರೆ. ಮಂಗನ ಕಾಯಿಲೆಯ ಮೊದಲ ದಶಕ ಬಹುಪಾಲು ಇಲ್ಲೇ ಇದೆ. ಇವುಗಳಲ್ಲಿ ಸಾರಾಂಶ ಇರದ ಕಾರಣ ಪದ ಹುಡುಕಾಟ ಲೇಖನದ ತಲೆಬರಹದ ಸಾಲಿನಾಚೆ ಹೋಗಲಾರದು. ಮೆಡ್‌ಲೈನಿಗೆ ಸಾರಾಂಶಗಳು ಸೇರತೊಡಗಿದ್ದು 1975ರಿಂದ. ಆಮೇಲೂ ಉದ್ದದ ಮಿತಿ ಇತ್ತು. ಎಂಬತ್ತು ತೊಂಬತ್ತರ ದಶಕದ ಕೆಲವು ದಾಖಲೆಗಳ ಕೊನೆಗೆ, ಸಾರಾಂಶವನ್ನು 250 ಪದಕ್ಕೆ ಕತ್ತರಿಸಲಾಗಿದೆ ಎಂಬ ಸಾಲು ಆವರಣದೊಳಗೆ ಇಂದಿಗೂ ಇದೆ. ಕತ್ತರಿಸಿದ ತುದಿಯಲ್ಲಿ ಊರಿನ ಹೆಸರಿದ್ದರೆ ಅದು ಹೋಯಿತು.

ಊರಿನ ಹೆಸರಿನದು ಬೇರೆಯೇ ಗೋಳು. ಹಳೆಯ ಲೇಖನಗಳಲ್ಲಿ ಮೈಸೂರು ಸ್ಟೇಟ್, 1973ರ ನಂತರದವುಗಳಲ್ಲಿ ಕರ್ನಾಟಕ. 2014ರ ನವೆಂಬರ್ 1ರವರೆಗೆ ಇಂಗ್ಲಿಷಿನಲ್ಲಿ ಶಿಮೊಗ, ಅಲ್ಲಿಂದಾಚೆ ಶಿವಮೊಗ್ಗ. 2012ರ ಕೊನೆಗೆ ಬಂಡೀಪುರದಲ್ಲಿ, ಆಮೇಲೆ ವಯನಾಡು, ಗೋವಾ, ಸಿಂಧುದುರ್ಗಗಳಲ್ಲಿ ಕಾಯಿಲೆ ಕಾಣಿಸಿಕೊಂಡ ಮೇಲೆ ‘ವೆಸ್ಟರ್ನ್ ಘಾಟ್ಸ್’ ಎಂದೇ ಬರೆಯುವವರು ಹೆಚ್ಚಿದರು. ಮುಸಿಯನ ಶಾಸ್ತ್ರೀಯ ಹೆಸರು ಪ್ರೆಸ್ಬೈಟಿಸ್ ಹೋಗಿ ಸೆಮ್ನೋಪಿಥೆಕಸ್ ಆಗಿದೆ. ವೈರಸ್ಸಿನ ಕುಲನಾಮವೂ ಫ್ಲೇವಿವೈರಸ್‌ನಿಂದ ಆರ್ಥೋಫ್ಲೇವಿವೈರಸ್‌ಗೆ ತಿರುಗಿದೆ. ಇವನ್ನೆಲ್ಲ ‘ಅಥವಾ’ ಹಾಕಿ ಪೋಣಿಸಿದಾಗಷ್ಟೇ ಸೂತ್ರ ನಿಲ್ಲುತ್ತದೆ.

ಶೀರ್ಷಿಕೆಗಳ ಜೊತೆಗೆ ಯಂತ್ರವೂ ಬದಲಾಯಿತು. 2020ರ ಮೇ ತಿಂಗಳಲ್ಲಿ ಹೊಸ ಪಬ್‌ಮೆಡ್ ಹಳೆಯದರ ಜಾಗಕ್ಕೆ ಬಂದಾಗ, ಹೊಸ ಲೇಖನ ಮೇಲೆ ಎಂಬ ಕ್ರಮದ ಬದಲು ‘ಬೆಸ್ಟ್ ಮ್ಯಾಚ್’ ಎಂಬ ಅಂದಾಜಿನ ಕ್ರಮ ತಾನಾಗಿ ಬರತೊಡಗಿತು. ಪದದ ಕೊನೆಗೆ ನಕ್ಷತ್ರ ಹಾಕಿ ಹುಡುಕುವಾಗ ಹಿಂದೆ ಮೊದಲ 600 ರೂಪಗಳಿಗೆ ನಿಲ್ಲುತ್ತಿದ್ದ ಮಿತಿ ಹೋಯಿತು. ಇದರಿಂದ ಹಳೆಯ ಸೂತ್ರಗಳಿಗೆ ಹೆಚ್ಚು ಫಲಿತಾಂಶ ಬಂದರೆ ಅಚ್ಚರಿಯಿಲ್ಲ. ಇದಕ್ಕಿಂತ ದೊಡ್ಡ ಬದಲಾವಣೆ 2022ರದು. ಅಲ್ಲಿಯವರೆಗೆ ಮನುಷ್ಯರು ಲೇಖನ ಓದಿ ಶೀರ್ಷಿಕೆ ಆರಿಸುವುದು ಮೆಡ್‌ಲೈನಿನ ಹೆಮ್ಮೆಯಾಗಿತ್ತು. ಆ ವರ್ಷದಿಂದ ಶೀರ್ಷಿಕೆ ಹಚ್ಚುವ ಕೆಲಸ ಗಣಕದ್ದು. ಅಗತ್ಯ ಕಂಡಲ್ಲಿ ಮನುಷ್ಯರು ಪರಿಶೀಲಿಸುತ್ತಾರೆ. ವಾರಗಟ್ಟಲೆ, ತಿಂಗಳುಗಟ್ಟಲೆ ಕಾಯುತ್ತಿದ್ದದ್ದು ಒಂದು ದಿನಕ್ಕೆ ಇಳಿದಿದೆ. ವೇಗಕ್ಕೆ ತೆತ್ತ ಬೆಲೆ ಏನೆಂದರೆ, ಈ ಗಣಕ ಓದುವುದು ಲೇಖನದ ಹೆಸರು, ಸಾರಾಂಶ ಇಷ್ಟನ್ನೇ. ಒಳಪುಟದಲ್ಲಿ ಎಷ್ಟೇ ವಿವರವಾಗಿ ಸಾಗರ ತಾಲ್ಲೂಕಿನ ಹಳ್ಳಿಯ ಹೆಸರು ಬರೆದಿದ್ದರೂ ಅದು ಗಣಕದ ಕಣ್ಣಿಗೆ ಬೀಳದು. ಹಿಂದಿನ ಸೂಚಿಕಾರರು ಓದುತ್ತಿದ್ದ ಜಾಗವೇ ಅದು. ನನಗಂತೂ ಇದು ಹಿನ್ನಡೆಯೆಂದೇ ಅನ್ನಿಸುತ್ತದೆ, ವಿಶೇಷವಾಗಿ ಮಂಗನ ಕಾಯಿಲೆಯಂಥ ಪ್ರಾದೇಶಿಕ ಕಾಯಿಲೆಗಳ ಮಟ್ಟಿಗೆ.

ಹಾಗಾಗಿ ಮಲೆನಾಡಿನಲ್ಲಿ, ಕರಾವಳಿಯಲ್ಲಿ ಕೆಲಸ ಮಾಡುತ್ತ ಪ್ರಬಂಧ ಬರೆಯುತ್ತಿರುವ ವೈದ್ಯರಲ್ಲಿ, ಪಶುವೈದ್ಯರಲ್ಲಿ ಒಂದು ವಿನಂತಿ. ‘ಪಬ್‌ಮೆಡ್‌ನಲ್ಲಿ ಹುಡುಕಿದೆವು’ ಎಂದು ಒಂದು ಸಾಲು ಬರೆದು ಮುಗಿಸಬೇಡಿ. ಹುಡುಕು ಸೂತ್ರವನ್ನು ಇಡಿಯಾಗಿ, ಓಡಿಸಿದ ತಾರೀಖಿನ ಸಮೇತ ಅನುಬಂಧದಲ್ಲಿ ಹಾಕಿ. ಉಳಿಸಿಟ್ಟ ಸೂತ್ರಗಳನ್ನು ಪ್ರತಿ ಜನವರಿಯಲ್ಲಿ ಆ ವರ್ಷದ ಮೆಶ್ ಬದಲಾವಣೆಗಳ ಪಟ್ಟಿಯ ಎದುರಿಗಿಟ್ಟು ನೋಡಿ. ನಿಮ್ಮದೇ ಲೇಖನದ ಸಾರಾಂಶದಲ್ಲಿ ಕೆಎಫ್‌ಡಿ ಎಂಬ ಮೂರಕ್ಷರಕ್ಕೆ ತೃಪ್ತರಾಗದೆ ಕಾಯಿಲೆಯ ಪೂರ್ಣ ಹೆಸರನ್ನೂ, ಜಿಲ್ಲೆ ತಾಲ್ಲೂಕುಗಳನ್ನೂ, ಉಣುಗಿನ ಜಾತಿಯನ್ನೂ ಬರೆಯಿರಿ.