ನೆತ್ತಿಯ ಮೇಲಿನ ಕಾಲುವೆ

ನಮ್ಮ ಕಡೆಯ ಮಾಳಿಗೆಮನೆಗಳಿಗೆ ಮಳೆಗಾಲದ ಮುಂಚೆ ತಪ್ಪದೆ ನಡೆಯುತ್ತಿದ್ದ ಆರೈಕೆಯೊಂದಿತ್ತು. ಚಕ್ಕಡಿಯಲ್ಲಿ ಕರಲುಮಣ್ಣು ತಂದು ಮಾಳಿಗೆಯ ಮೇಲೆ ಹರವುವುದು, ಬೇಸಿಗೆಯಲ್ಲಿ ಬಿಟ್ಟ ಬಿರುಕುಗಳನ್ನು ತುಳಿದು ಮುಚ್ಚುವುದು, ನೀರು ಹೊರಬೀಳುವ ದೋಣಿಯಲ್ಲಿ ಕೂತ ಕಸ ತೆಗೆಯುವುದು. ದೋಣಿ ಕಟ್ಟಿಕೊಂಡರೆ ಮಾಳಿಗೆ ಸೋರುತ್ತದೆ, ಮಾಳಿಗೆ ಸೋರಿದರೆ ತೊಲೆ ಕೊಳೆಯುತ್ತದೆ. ಮನೆ ಬೀಳುವುದು ಆಮೇಲೆ.

ಈ ಲೆಕ್ಕ ನಮ್ಮ ಜಿಲ್ಲೆಗೆ ಬಹಳ ಹಳೆಯದು. ಐಹೊಳೆಯ ಲಾಡಖಾನ್ ಗುಡಿಯ ಮಾಡನ್ನು ನೋಡಿ. ಇಳಿಜಾರಾಗಿ ಹೊದಿಸಿದ ಕಲ್ಲುಚಪ್ಪಡಿಗಳು ಒಂದಕ್ಕೊಂದು ಕೂಡುವ ಸಂದುಗಳ ಮೇಲೆ ಮರದ ದಿಮ್ಮಿಯನ್ನು ಹೋಲುವ ಉದ್ದನೆಯ ಕಲ್ಲುಪಟ್ಟಿಗಳನ್ನು ಕೂಡಿಸಿದ್ದಾರೆ. ನೀರು ಚಪ್ಪಡಿಯನ್ನು ತೂರಿ ಬರುವುದಿಲ್ಲ, ಸಂದಿನಿಂದ ಬರುತ್ತದೆ ಎಂಬುದನ್ನು ಚಾಲುಕ್ಯರ ಕಾಲದ ಕಲ್ಲುಕುಟಿಗರು ಚೆನ್ನಾಗಿ ಬಲ್ಲವರಾಗಿದ್ದರು.

ನನಗೆ ಇದೆಲ್ಲ ನೆನಪಾಗುವುದು ಹಳೆಯ ಪ್ರೀಮಿಯರ್ ಪದ್ಮಿನಿ ಕಾರಿನ ನೆತ್ತಿಯನ್ನು ನೋಡಿದಾಗ. ಬಾಗಿಲುಗಳ ಮೇಲೆ, ಮಾಡಿನ ಅಂಚಿನುದ್ದಕ್ಕೂ ಬೆರಳಗಲದ ಒಂದು ಕಿರುಗಾಲುವೆ ಓಡುತ್ತದೆ. ಪುಸ್ತಕದಲ್ಲಿ ಅದರ ಹೆಸರು ಡ್ರಿಪ್ ರೇಲ್. ಟಿಂಕರುಗಳ ಬಾಯಲ್ಲಿ ಗಟರ್. ಮಾಡಿನ ತಗಡನ್ನೂ ಪಕ್ಕದ ತಗಡನ್ನೂ ಅಂಚು ಮಡಚಿ, ಒಂದರ ಮೇಲೊಂದಿಟ್ಟು, ಚುಕ್ಕಿಚುಕ್ಕಿಯಾಗಿ ಬೆಸೆದಾಗ ಹುಟ್ಟುವ ಸಂದು ಅದು. ಆ ಸಂದಿಗೆ ಸೀಲರ್ ಎಂಬ ಮೆತ್ತನೆಯ ಅಂಟು ತುಂಬಿ, ಮೇಲೆ ಬಣ್ಣ ಹೊಡೆಯುತ್ತಿದ್ದರು. ಮಾಡಿನ ಮೇಲೆ ಬಿದ್ದ ನೀರು ಬಾಗಿಲೊಳಗೆ ಇಳಿಯದೆ, ಈ ಕಾಲುವೆ ಹಿಡಿದು ಹಿಂದೆ ಮುಂದೆ ಹರಿದುಹೋಗಬೇಕು.

ಈ ಕಾರಿನ ಕಥೆ ಕನ್ನಡನಾಡಿಗೆ ಹೊರಗಿನದೇನೂ ಅಲ್ಲ. ಭಾರತದಲ್ಲೇ ಮೋಟಾರು ತಯಾರಿಸಬೇಕೆಂದು ವಿಶ್ವೇಶ್ವರಯ್ಯನವರು 1935ರಲ್ಲಿ ಯುರೋಪು, ಅಮೆರಿಕಗಳನ್ನು ಸುತ್ತಿ ಕಾರ್ಖಾನೆಗಳನ್ನು ನೋಡಿಬಂದರು. ಮೈಸೂರು ಸರ್ಕಾರದ ನೆರವಿನಿಂದ ಕೆಲಸ ಸಾಗಿಸಲು ಬಹಳ ಪ್ರಯತ್ನಪಟ್ಟರು. ಬ್ರಿಟಿಷ್ ಸರ್ಕಾರ ದಾರಿ ಕೊಡಲಿಲ್ಲ. ಅದೇ ಕನಸು ಕಂಡಿದ್ದ ವಾಲಚಂದ ಹೀರಾಚಂದರು 1940ರಲ್ಲಿ ಬೆಂಗಳೂರಿನಲ್ಲಿ ವಿಮಾನ ಕಾರ್ಖಾನೆಯನ್ನೂ 1944ರಲ್ಲಿ ಮುಂಬಯಿಯಲ್ಲಿ ಪ್ರೀಮಿಯರ್ ಆಟೋಮೊಬೈಲ್ಸನ್ನೂ ಆರಂಭಿಸಿದರು. ಇಟಲಿಯ ಫಿಯಟ್ 1100 ಅಲ್ಲಿ ತಯಾರಾಗತೊಡಗಿ, 1970ರ ದಶಕದಲ್ಲಿ ಪದ್ಮಿನಿ ಎಂಬ ನಮ್ಮ ಹೆಸರನ್ನು ಪಡೆಯಿತು.

ಆಗ ಕಾರು ಕೊಳ್ಳುವುದೆಂದರೆ ಹೆಸರು ಬರೆಸಿ ವರ್ಷಗಟ್ಟಲೆ ಕಾಯುವುದು. ಅಂಬಾಸಿಡರ್ ಇಲ್ಲವೆ ಫಿಯಟ್; ಬೇರೆ ಆಯ್ಕೆ ಇದ್ದದ್ದು ಅಷ್ಟಕ್ಕಷ್ಟೆ. 1983ರ ಡಿಸೆಂಬರಿನಲ್ಲಿ ಮಾರುತಿ ಬರುವವರೆಗೂ ಸ್ಥಿತಿ ಹೀಗೇ ಇತ್ತು. ಅಷ್ಟು ಕಾಯ್ದು ತಂದ ವಸ್ತುವನ್ನು ಯಾರು ತಾನೆ ಗುಜರಿಗೆ ಹಾಕಿಯಾರು? ಇಪ್ಪತ್ತು ಮೂವತ್ತು ವರ್ಷ ಓಡಿಸಿದರು. ಆ ಓಟದ ಹಿಂದೆ ಊರೂರಿನ ಟಿಂಕರುಗಳ ಸುತ್ತಿಗೆಯಿತ್ತು. ಕಾರ್ಖಾನೆ ಮಾಡಿದ್ದು ಒಂದು ಸಲ. ಇವರು ಅದನ್ನೇ ಹತ್ತು ಸಲ ಮಾಡಿದರು.

ಮಳೆಯೇ ಅಪರೂಪವಾದ ಬಾಗಲಕೋಟೆಯ ಸೀಮೆಯಲ್ಲಿ ತುಕ್ಕು ಎಲ್ಲಿಂದ ಬಂತು ಎಂದು ಕೇಳುವವರಿದ್ದಾರೆ. ಬಾಗಲಕೋಟೆಯಿಂದ ಕಲಾದಗಿಯ ಕಡೆಗೆ ಹೋಗುವ ದಾರಿಯಲ್ಲಿ ತುಳಸಿಗೇರಿ ಇದೆ. ಶನಿವಾರ ಹನುಮಪ್ಪನ ದರ್ಶನಕ್ಕೆ ಬಂದವರ ಗಾಡಿಗಳ ನಡುವೆ ಹಳೆಯ ಕಾರೊಂದು ಕಂಡರೆ ಅದರ ಗಟರಿನಲ್ಲಿ ಬೆರಳಾಡಿಸಿ ನೋಡಿ; ಉತ್ತರ ಬೆರಳಿಗೆ ಹತ್ತುತ್ತದೆ. ಬೇಸಿಗೆಯ ಬಿಸಿಲು ಸೀಲರನ್ನು ಒಣಗಿಸಿ ಬಿರಿಯಿಸುತ್ತದೆ. ಗಾಳಿ ತಂದ ಧೂಳು ಆ ಬಿರುಕಿನ ಮೇಲೆ ಕೂರುತ್ತದೆ. ಬಂದ ನಾಲ್ಕು ಹನಿ ಮಳೆ ಬಯಲಲ್ಲಾದರೆ ಗಳಿಗೆಯಲ್ಲಿ ಆರಿಹೋಗುತ್ತಿತ್ತು; ಧೂಳಿನೊಳಗೆ ಅದು ದಿನಗಟ್ಟಲೆ ಹಸಿಯಾಗಿ ಉಳಿಯುತ್ತದೆ. ತುಕ್ಕಿಗೆ ಅಷ್ಟು ಸಾಕು. ತುಕ್ಕಾದ ಕಬ್ಬಿಣ ಉಬ್ಬಿ, ಮೊದಲಿಗಿಂತ ಹೆಚ್ಚು ಜಾಗ ಬೇಡುತ್ತದೆ. ಹಾಗೆ ಉಬ್ಬಿ ಸಂದನ್ನು ಇನ್ನಷ್ಟು ಅಗಲಿಸುತ್ತದೆ. ಪದ್ಮಿನಿಗೆ ಲಾರಿಯ ಹಾಗೆ ಬೇರೆ ಚಾಸಿ ಇಲ್ಲ, ಮೈಯೇ ಚಾಸಿ. ಆದ್ದರಿಂದ ನೆತ್ತಿಯಿಂದ ಕಂಬಕ್ಕೆ ಇಳಿದ ತುಕ್ಕು ಅಂದದ ಮಾತಲ್ಲ, ಬಲದ ಮಾತು.

ನನ್ನ ಕಾರಿಗೆ ಈ ಚಿಕಿತ್ಸೆ ಮಾಡಿದವರು ಒಬ್ಬ ಹಿರಿಯ ಟಿಂಕರು. ಅವರ ಮೊದಲ ಷೆಡ್ಡು ಇದ್ದ ಓಣಿ ಆಲಮಟ್ಟಿಯ ಹಿನ್ನೀರಿಗೆ ಹೋಗಿ, ನವನಗರಕ್ಕೆ ಬಂದವರು. ನೀರಿನ ವಿಷಯದಲ್ಲಿ ಅವರಿಗೆ ಭ್ರಮೆಗಳಿರಲಿಲ್ಲ. ಮೊದಲು ಗಟರಿನ ಹೊಳೆಯುವ ಪಟ್ಟಿಯನ್ನು ಬಿಚ್ಚಿದರು. ಹಳೆಯ ಸೀಲರನ್ನು ಮೊಂಡು ಉಳಿಯಿಂದ ಎಳೆಎಳೆಯಾಗಿ ಕಿತ್ತರು. ತಂತಿಬ್ರಷ್ಷಿನಿಂದ ಉಜ್ಜಿ, ದಬ್ಬಣದಿಂದ ಚುಚ್ಚುತ್ತ ಹೋದರು. ದಬ್ಬಣ ತೂರಿದಲ್ಲಿ ತಗಡು ಸತ್ತಿದೆ ಎಂದು ಗುರುತು. ಅಷ್ಟನ್ನು ಕತ್ತರಿಸಿ, ಒಳಮಾಡಿನ ಬಟ್ಟೆ ಇಳಿಸಿ, ಹೊಸ ತಗಡಿನ ತೇಪೆಯನ್ನು ಚೂರುಚೂರಾಗಿ ಬೆಸೆದರು. ಒಂದೇ ಸಮನೆ ಬೆಸೆದರೆ ಕಾವಿಗೆ ಮಾಡು ಸೊಟ್ಟಗಾಗುತ್ತದೆ. ಉಳಿದ ತುಕ್ಕಿನ ಕಲೆಗೆ ಫಾಸ್ಫಾರಿಕ್ ಆಮ್ಲದ ದ್ರಾವಣ, ಅದು ತೊಳೆದು ಒಣಗಿದ ಮೇಲೆ ಪ್ರೈಮರ್. ಸೀಲರ್ ಬಂದದ್ದು ಅದರ ನಂತರ. ಬೆತ್ತಲೆ ತಗಡಿನ ಮೇಲೆ ಸೀಲರ್ ಹಚ್ಚುವುದು ಗಾಯ ತೊಳೆಯದೆ ಪಟ್ಟಿ ಕಟ್ಟಿದಂತೆ. ಕಿಟಕಿ, ಬಚ್ಚಲಿಗೆ ಬಳಸುವ, ಹುಳಿವಾಸನೆ ಸೂಸುವ ಸಿಲಿಕೋನನ್ನು ಅವರು ಮುಟ್ಟಲಿಲ್ಲ. ಆ ಹುಳಿ ಆಮ್ಲದ್ದೇ. ಬರಿ ಕಬ್ಬಿಣವನ್ನು ತಿನ್ನುತ್ತದೆ. ಅದರ ಮೇಲೆ ಬಣ್ಣವೂ ನಿಲ್ಲುವುದಿಲ್ಲ. ಪುಟ್ಟಿಯನ್ನೂ ಸಂದಿಗೆ ಬಳಸಲಿಲ್ಲ, ಅದು ನೀರು ಕುಡಿಯುತ್ತದೆ.

ಕೊನೆಗೆ ಸೀಲರನ್ನು ಬೆರಳಿನಿಂದ ನಯವಾಗಿ ಒತ್ತಿ, ಕಾಲುವೆಯ ಎರಡೂ ತುದಿಗಳನ್ನು ಮಾತ್ರ ತೆರೆದೇ ಬಿಟ್ಟರು. ಎಲ್ಲ ಮುಚ್ಚಿದರೆ ಇನ್ನೂ ಭದ್ರವಲ್ಲವೆ ಎಂದು ಕೇಳಿದೆ. “ನೀರಿಗೆ ಹಾದಿ ಕೊಡ್ರಿ, ಇಲ್ಲಾಂದ್ರ ಅದ ಮಾಡ್ಕೋತದ” ಎಂದರು.

ಈ ವಿದ್ಯೆಗೆ ಇನ್ನು ಹೆಚ್ಚು ದಿನಗಳಿಲ್ಲ. ಗಾಳಿಯ ತಡೆ ಕಡಿಮೆ ಮಾಡಲು ಹೊಸ ಕಾರುಗಳು ಗಟರನ್ನು ಬಿಟ್ಟುಕೊಟ್ಟಿವೆ. ಮಾಡಿನ ಸಂದು ಈಗ ರಬ್ಬರು ಪಟ್ಟಿಯ ಕೆಳಗೆ ಅಡಗಿದೆ, ತಗಡಿಗೆ ಸತುವಿನ ಲೇಪ ಬಂದಿದೆ. ಪದ್ಮಿನಿಯ ತಯಾರಿಕೆ ಹೊಸ ಶತಮಾನದ ಹೊಸ್ತಿಲಲ್ಲಿ ನಿಂತಿತು, ಅಂಬಾಸಿಡರಿನದು 2014ರಲ್ಲಿ. ಮುಂಬಯಿಯ ಕೊನೆಯ ಪದ್ಮಿನಿ ಟ್ಯಾಕ್ಸಿಯ ಅವಧಿ 2023ರ ಅಕ್ಟೋಬರಿನಲ್ಲಿ ಮುಗಿಯಿತು. ಖಾಸಗಿ ಕಾರುಗಳು ಹದಿನೈದು ವರ್ಷ ದಾಟಿದ ಮೇಲೆ ಐದೈದು ವರ್ಷಕ್ಕೊಮ್ಮೆ ತಪಾಸಣೆಗೆ ನಿಂತು ನೋಂದಣಿ ನವೀಕರಿಸಿಕೊಳ್ಳಬೇಕು. ಅಲ್ಲಿ ತಗಡಿನ ಗಟ್ಟಿತನವೇ ಸಾಕ್ಷಿ ಹೇಳಬೇಕು. ಟಿಂಕರರ ಮಕ್ಕಳು ಬೇರೆ ಕಸುಬು ಹಿಡಿದಿದ್ದಾರೆ. ತೂತು ಬಿದ್ದ ತಗಡನ್ನು ಬದಲಿಸುವವರು ಸಿಗುತ್ತಾರೆ, ಬೆಸೆಯುವವರು ಕಡಿಮೆ.

ಹಳೆಯ ಕಾರು ಇನ್ನೂ ಇಟ್ಟುಕೊಂಡವರು ಮಿರಗದ ಮಳೆ ಕೂಡುವ ಮುಂಚೆ ಒಂದು ಕೆಲಸ ಮಾಡಬೇಕು. ಗಟರಿನ ಧೂಳು ತೆಗೆದು, ನಡುವೆ ಒಂದು ಚೊಂಬು ನೀರು ಸುರುವಿ, ಎರಡೂ ತುದಿಯಲ್ಲಿ ಹೊರಬೀಳುತ್ತದೆಯೆ ಎಂದು ನಿಂತು ನೋಡಬೇಕು. ಸುರುವಿದಷ್ಟು ನೀರು ಹೊರಗೆ ಬರದಿದ್ದರೆ, ಉಳಿದದ್ದು ಒಳಗೆಲ್ಲೋ ಇಳಿಯುತ್ತಿದೆಯೆಂದೇ ಅರ್ಥ.