ಕೀಲಿಕೈ ಇಲ್ಲದ ಕೋಟೆ

ರೋಣದಲ್ಲಿ ಕೊಂಡ ಹಳೆಯ ಕಂಪ್ಯೂಟರು ಪಾಸ್‌ವರ್ಡ್ ಕೇಳಿದಾಗ ನನಗೆ ನೆರೆಯ ನರಗುಂದದ ಕೋಟೆ ನೆನಪಾಯಿತು. ಅದು 1785ರಲ್ಲಿ ಟಿಪ್ಪುವಿನ ಸೇನೆಯ ವಶವಾಯಿತು. ದತ್ತಕದ ಹಕ್ಕು ನಿರಾಕರಿಸಿದ್ದಕ್ಕೆ ಬಾಬಾಸಾಹೇಬ ಭಾವೆ ಬಂಡೆದ್ದಾಗ, 1858ರ ಜೂನಿನಲ್ಲಿ ಬ್ರಿಟಿಷರ ಕೈಸೇರಿತು. ಕೋಟೆ ಹಿಡಿದವನು ಹಳೆಯ ಕೀಲಿಗಾಗಿ ಕಾಯುವುದಿಲ್ಲ; ತನ್ನದೇ ದಫ್ತರ ಹೂಡುತ್ತಾನೆ.

ಇಲ್ಲಿಯೂ ಹಾಗೆಯೇ. ಪಾಸ್‌ವರ್ಡು ಹಳೆಯ ಆಪರೇಟಿಂಗ್ ಸಿಸ್ಟಮ್ಮಿಗೆ ಸೇರಿದ್ದು. ಪೆನ್‌ಡ್ರೈವಿನಿಂದ ಹೊಸದನ್ನು ಹಾಕುವಾಗ ಅದರ ಹಂಗಿಲ್ಲ. ಆದರೆ ಡಿಸ್ಕನ್ನು ಅಳಿಸಿದರೆ ಹಿಂದಿನವರ ಬರಹ, ಚಿತ್ರಗಳೂ ಅಳಿಯುತ್ತವೆ. ಅಂಗಡಿಯವರ ಮೂಲಕ ಅವರನ್ನು ವಿಚಾರಿಸಿದೆ. “ಪಾಸ್‌ವರ್ಡ್ ಮರ್ತೀನ್ರೀ ಸರ, ಒಳಗ ನಮ್ಮಪ್ಪನ ಫೋಟೋ ಅದಾವ್ರಿ” ಎಂದರು. ಡಿಸ್ಕನ್ನು ಬೇರೆ ಯಂತ್ರಕ್ಕೆ ಜೋಡಿಸಿ ಆ ಚಿತ್ರಗಳ ಪ್ರತಿ ತೆಗೆಸಿ ಕಳುಹಿಸಿದೆ, ಆಮೇಲೆಯೇ ಅಳಿಸಿದೆ.

ಗೆದ್ದವರೆಲ್ಲ ಹೀಗೊಮ್ಮೆ ಕೇಳಿದ್ದರೆ ನಮ್ಮ ಎಷ್ಟು ದಫ್ತರಗಳು ಉಳಿಯುತ್ತಿದ್ದವೋ!