ಟ್ಯಾಗ್ ಮತ್ತು ಚೆಕ್‌ಔಟ್

ಆವೃತ್ತಿ ನಿಯಂತ್ರಣ ವ್ಯವಸ್ಥೆಯಲ್ಲಿ ಕಡತಗಳ ಒಂದು ನಿರ್ದಿಷ್ಟ ಸ್ಥಿತಿಗೆ ಇಟ್ಟ ಸ್ಥಿರನಾಮವು ಟ್ಯಾಗ್ ಎಂದೂ, ಭಂಡಾರದಲ್ಲಿ ಸಂಚಿತವಾದ ಅಂತಹ ಸ್ಥಿತಿಯನ್ನು ಕೆಲಸದ ಕಡತಕೋಶಕ್ಕೆ ತಂದಿಳಿಸುವ ಕ್ರಿಯೆಯು ಚೆಕ್‌ಔಟ್ ಎಂದೂ ಕರೆಯಲ್ಪಡುತ್ತವೆ.

ಆವೃತ್ತಿ ನಿಯಂತ್ರಣವು ಎದುರಿಸುವ, ಮೂಲವೊಂದು, ಪ್ರತಿಗಳು ಹಲವು ಎಂಬ ಸಮಸ್ಯೆ ಎಷ್ಟು ಪುರಾತನವಾದುದೆಂಬುದಕ್ಕೆ ಮೊಳಕಾಲ್ಮುರು ತಾಲ್ಲೂಕಿನ ಜಟಿಂಗ ರಾಮೇಶ್ವರ ಬೆಟ್ಟವೇ ಸಾಕ್ಷಿ. 1892ರಲ್ಲಿ ಶಾಸನತಜ್ಞ ಬಿ. ಎಲ್. ರೈಸ್ ಅವರು ಅಲ್ಲಿಯೂ ನೆರೆಯ ಬ್ರಹ್ಮಗಿರಿ, ಸಿದ್ದಾಪುರಗಳಲ್ಲಿಯೂ ಬೆಳಕಿಗೆ ತಂದ ಅಶೋಕನ ಲಘು ಶಿಲಾಶಾಸನಗಳು ಒಂದೇ ಘೋಷಣೆಯ ಮೂರು ಪ್ರತಿಗಳು. ಜಟಿಂಗದ ಬಂಡೆ ಬಹುವಾಗಿ ಸವೆದಿರುವುದರಿಂದ ಅದರ ಪಾಠವನ್ನು ಬ್ರಹ್ಮಗಿರಿಯ ಪ್ರತಿಯ ನೆರವಿನಿಂದಲೇ ತುಂಬಿಕೊಳ್ಳಬೇಕಾಗುತ್ತದೆ. ಬ್ರಹ್ಮಗಿರಿಯ ಪಾಠದಲ್ಲಿ ಘೋಷಣೆಗೆ ಅಂಟಿದ 256 ಎಂಬ ಅಂಕೆಯೂ ಲಿಪಿಕಾರ ಚಪಡನ ಹೆಸರೂ ಉಂಟು. ಸ್ಥಿತಿಯೊಂದಕ್ಕೆ ಗುರುತನ್ನೂ ಇಟ್ಟವರ ಹೆಸರನ್ನೂ ಅಂಟಿಸುವ ಟ್ಯಾಗ್‌ಗೆ ಇದು ಉಚಿತವಾದ ಪೂರ್ವನಿದರ್ಶನ.

ಲೈನಸ್ ಟೊರ್ವಾಲ್ಡ್ಸ್ 2005ರಲ್ಲಿ ರಚಿಸಿದ ಗಿಟ್ ಎಂಬ ಆವೃತ್ತಿ ನಿಯಂತ್ರಣ ವ್ಯವಸ್ಥೆಯಲ್ಲಿ ಸರಳ ಟ್ಯಾಗ್ ಒಂದು ಕಮಿಟ್‌ಗೆ, ಅಂದರೆ ಭಂಡಾರದಲ್ಲಿ ದಾಖಲಾದ ಸ್ಥಿತಿಗೆ, ಇಟ್ಟ ಬರಿಯ ಹೆಸರು. ಟಿಪ್ಪಣಿಸಹಿತ ಟ್ಯಾಗಾದರೋ ಇಟ್ಟವರ ಹೆಸರು, ದಿನಾಂಕ, ಸಂದೇಶಗಳನ್ನು ಧರಿಸಿದ ಸ್ವತಂತ್ರ ವಸ್ತು. ಕಮಿಟ್‌ಗಳ ಸಾಲಿನ ತುದಿಯನ್ನು ತೋರುವ ಶಾಖೆ ಹೊಸ ಕಮಿಟ್‌ಗಳೊಡನೆ ಮುಂದಕ್ಕೆ ಸರಿಯುತ್ತದೆ, ಟ್ಯಾಗ್ ಸರಿಯದು. ಆದಕಾರಣ ಟ್ಯಾಗೊಂದನ್ನು ಚೆಕ್‌ಔಟ್ ಮಾಡಿದಾಗ ಹೆಡ್ ಎಂಬ ಸೂಚಕವು ಯಾವ ಶಾಖೆಗೂ ಸೇರದೆ ನೇರವಾಗಿ ಕಮಿಟ್‌ನ ಮೇಲೆಯೇ ನಿಲ್ಲುವುದು. ಆ ಸ್ಥಿತಿಯಲ್ಲಿ ಮಾಡಿದ ಹೊಸ ಕಮಿಟ್‌ಗಳು, ಶಾಖೆಯೊಂದನ್ನು ಸೃಷ್ಟಿಸಿ ಉಳಿಸಿಕೊಳ್ಳದಿದ್ದಲ್ಲಿ, ಕಾಲಾಂತರದಲ್ಲಿ ಅಳಿಸಿಹೋಗಬಹುದು. ಕಮಿಟ್‌ಗಳನ್ನು ಕಳುಹಿಸುವ ಸಾಮಾನ್ಯ ಪುಶ್‌ನೊಡನೆ ಟ್ಯಾಗ್‌ಗಳು ದೂರದ ಭಂಡಾರಕ್ಕೆ ತಾವಾಗಿ ಹೋಗುವುದಿಲ್ಲ. ಅವನ್ನು ಪ್ರತ್ಯೇಕವಾಗಿ ಸೂಚಿಸಿ ಕಳುಹಿಸಬೇಕು.